ಬಟ್ಟಲ ತಳದ ಹೆಸರು

ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನ ಸೆರೆಮನೆಯಲ್ಲಿ ಕೈದಿಗಳಿಗೆ ಊಟ ಬರುತ್ತಿದ್ದದ್ದು ತಗಡಿನ ಬಟ್ಟಲಲ್ಲಿ. ಉಂಡ ಮೇಲೆ ಬಟ್ಟಲುಗಳೆಲ್ಲ ಅಡುಗೆಮನೆಗೆ ಹೋಗಿ ಒಂದರೊಳಗೊಂದು ಬೆರೆತು, ಮರುದಿನ ಯಾರದೋ ಯಾರಿಗೋ ಬರುತ್ತಿತ್ತು. 1944ರಲ್ಲಿ ಅಲ್ಲಿ ಸೆರೆಯಲ್ಲಿದ್ದ ಮೂವರು ಫ್ರೆಂಚ್ ಹೆಂಗಸರು ಇದನ್ನು ಗಮನಿಸಿದರು. ಒಂದು ಬಟ್ಟಲಿನ ತಳದಲ್ಲಿ ಸೂಜಿಯಿಂದ ಗೀರಿ, ಇಲ್ಲಿ ನಾವು ಮೂವರು ಫ್ರೆಂಚರಿದ್ದೇವೆ ಎಂದು ಬರೆದು ಕಳಿಸಿದರು. ಉತ್ತರವೂ ಹಾಗೆಯೇ ಬಟ್ಟಲ ತಳದಲ್ಲಿ ಬಂತು: ಒಂದನೆಯ ಕೋಣೆಯಲ್ಲಿ ನಿಮಗೊಬ್ಬ ಗೆಳತಿ ಇದ್ದಾಳೆ.

ಆ ಕೋಣೆಯ ಗೆಳತಿಯನ್ನು ಇವರು ಮುಖಾಮುಖಿ ಮಾತಾಡಿಸಲಿಲ್ಲ. ಅವಳ ಕೈಗೂ ಕಾಲಿಗೂ ಸರಪಳಿ ಬಿಗಿದಿದ್ದರು. ತಾನಾಗಿ ಊಟ ಮಾಡುವುದೂ ಕಷ್ಟವಿದ್ದ ಆ ಸ್ಥಿತಿಯಲ್ಲಿ ಅವಳು ಬಟ್ಟಲು ಕವುಚಿ ಹಾಕಿ, ಅಕ್ಷರ ಅಕ್ಷರವಾಗಿ ಗೀರುತ್ತಿದ್ದಳು. ಜುಲೈ 14ರಂದು, ಫ್ರಾನ್ಸಿನ ರಾಷ್ಟ್ರೀಯ ಹಬ್ಬಕ್ಕೆ, ಶುಭಾಶಯ ಗೀರಿ ಕಳಿಸಿದಳು. ಮೊದಮೊದಲು ಹೆಸರು ಹೇಳಲಿಲ್ಲ. ಆಮೇಲೆ ಹೇಳಿದಳು: ನೋರಾ ಬೇಕರ್. ವಿಳಾಸವನ್ನೂ ಕೊಟ್ಟಳು: 4, ಟ್ಯಾವಿಟನ್ ಸ್ಟ್ರೀಟ್, ಲಂಡನ್. ಸೆಪ್ಟೆಂಬರಿನಲ್ಲಿ ಕೊನೆಯ ಬಟ್ಟಲು ಬಂತು. ಅದರಲ್ಲಿ ಇದ್ದದ್ದು ಇಷ್ಟೇ, ನಾನು ಹೊರಟೆ.

ಲಂಡನ್ನಿನಲ್ಲಿ ಆ ಹೆಸರು ಗೊತ್ತಿದ್ದವರು ಕೆಲವರೇ. ಅವರಿಗೆ ಆ ಬಟ್ಟಲಿನ ಸುದ್ದಿ ಮುಟ್ಟುವ ಹೊತ್ತಿಗೆ ಯುದ್ಧ ಮುಗಿದು ಹೋಗಿತ್ತು. ಅಷ್ಟೇ ಅಲ್ಲ, ಅವಳು ಬೇರೆ ಊರಿನಲ್ಲಿ, ಬೇರೆ ದಿನ, ಬೇರೆ ರೀತಿಯಲ್ಲಿ ಸತ್ತಳೆಂದು ಮನೆಯವರಿಗೆ ತಿಳಿಸಿಯೂ ಆಗಿತ್ತು.

ಬ್ರಿಟನ್ನಿನ ಜಾರ್ಜ್ ಕ್ರಾಸ್ ಪದಕ ನೋಡಲು ಸರಳ. ಬೆಳ್ಳಿಯ ಶಿಲುಬೆ, ನಡುವೆ ಡ್ರ್ಯಾಗನ್ನನ್ನು ಇರಿಯುತ್ತಿರುವ ಸಂತ ಜಾರ್ಜ್, ಕಡುನೀಲಿ ರಿಬ್ಬನ್. ಆರನೆಯ ಜಾರ್ಜ್ ದೊರೆ ಇದನ್ನು ಸ್ಥಾಪಿಸಿದ್ದು 1940ರ ಸೆಪ್ಟೆಂಬರ್ 24ರಂದು. ಶತ್ರುವಿನ ಎದುರು ನಿಂತು ಕಾದಿದವರಿಗೆ ವಿಕ್ಟೋರಿಯಾ ಕ್ರಾಸ್. ರಣರಂಗದ ಆಚೆ ಅಷ್ಟೇ ಧೈರ್ಯ ತೋರಿದವರಿಗೆ ಇದು. ಪಡೆದವರ ಹೆಸರನ್ನು ಹಿಂಬದಿಯಲ್ಲಿ ಕೊರೆಯುತ್ತಾರೆ. 1949ರ ಏಪ್ರಿಲ್ 5ರ ಗೆಜೆಟ್‌ನಲ್ಲಿ ಈ ಪದಕಕ್ಕೆ ಒಂದು ಹೆಸರು ಪ್ರಕಟವಾಯಿತು: ನೋರಾ ಇನಾಯತ್ ಖಾನ್. ಮನೆಯವರಿಗೆ ನೂರ್, ಅಂದರೆ ಬೆಳಕು. ಫೋರ್ಟ್ಸ್‌ಹೈಮಿನ ನೋರಾ ಬೇಕರ್ ಇವಳೇ.

ಅವಳು ತೀರಿಕೊಂಡು ಆಗ ನಾಲ್ಕೂವರೆ ವರ್ಷ ಕಳೆದಿತ್ತು. ಅಷ್ಟು ತಡವೇಕೆ ಎಂಬುದಕ್ಕೆ ಉತ್ತರವೇ ಈ ಕತೆ.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಂದೆ ಹಜರತ್ ಇನಾಯತ್ ಖಾನ್ ಬರೋಡಾದ ಸಂಗೀತಗಾರ, ವೀಣಾವಾದಕ, ಪಶ್ಚಿಮಕ್ಕೆ ಸೂಫಿ ವಿಚಾರ ಒಯ್ದ ಗುರು. ತಾಯಿ ಅಮೆರಿಕದವರು, ತವರಿನ ಹೆಸರು ಬೇಕರ್. ಈ ಮನೆತನಕ್ಕೆ ನಮ್ಮ ಮೈಸೂರಿನ ನಂಟಿದೆ. ಇನಾಯತ್ ಖಾನರ ತಾಯಿಯ ತಂದೆ ಮೌಲಾ ಬಕ್ಷ್ ದೊಡ್ಡ ಗಾಯಕರು. ಮೈಸೂರಿಗೆ ಬಂದು ಕರ್ನಾಟಕ ಸಂಗೀತ ಕಲಿತು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗೌರವ ಪಡೆದವರು. ಇಲ್ಲಿಯೇ ಅವರು ಕೈಹಿಡಿದ ಕಾಸಿಮ್ ಬಿ ಟಿಪ್ಪು ಸುಲ್ತಾನರ ಮೊಮ್ಮಗಳು ಎಂದು ಆ ಮನೆಯವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಶ್ರೀರಂಗಪಟ್ಟಣದ ರಕ್ತ ಎಂದು ಹೇಳಿ ಎದೆಯುಬ್ಬಿಸಲು ನಾನು ಇದನ್ನು ಬರೆಯುತ್ತಿಲ್ಲ. ನೂರ್ ತಾನು ಯಾರೆಂದು ಆ ಮನೆಯ ಕತೆಗಳಿಂದ ತಿಳಿದು ಬೆಳೆದವಳು, ವೀಣೆಯನ್ನೂ ಹಾರ್ಪನ್ನೂ ನುಡಿಸಿದವಳು. ಪ್ಯಾರಿಸ್ ಪಕ್ಕದ ಸುರೇನ್ ಎಂಬಲ್ಲಿದ್ದ ‘ಫಜಲ್ ಮಂಜಿಲ್’ ಅವಳ ಮನೆ. ಹದಿಮೂರನೆಯ ವಯಸ್ಸಿಗೆ ತಂದೆ ಹೋದರು. ತಾಯಿ ಶೋಕದಲ್ಲಿ ಮುಳುಗಿದಾಗ ತಮ್ಮಂದಿರನ್ನೂ ತಂಗಿಯನ್ನೂ ನೋಡಿಕೊಂಡವಳು ಇವಳೇ. ಮಕ್ಕಳಿಗೆ ಕತೆ ಬರೆದಳು. ಬುದ್ಧನ ಇಪ್ಪತ್ತು ಜಾತಕ ಕತೆಗಳನ್ನು ಅವಳು ಮತ್ತೆ ಹೇಳಿದ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಅಹಿಂಸೆಯನ್ನೂ ಸತ್ಯವನ್ನೂ ಉಸಿರಾಗಿಸಿಕೊಂಡ ಮನೆ ಅದು. 1940ರಲ್ಲಿ ಪ್ಯಾರಿಸ್ ಬಿದ್ದಾಗ ಅಕ್ಕ ಮತ್ತು ತಮ್ಮ ವಿಲಾಯತ್ ಕುಳಿತು ಯೋಚಿಸಿದರು. ಕೊಲ್ಲದೆ ಇರುವುದೇನೋ ಸರಿ, ಆದರೆ ಕೊಲ್ಲುವವರನ್ನು ನೋಡುತ್ತ ಸುಮ್ಮನಿರುವುದು ಸರಿಯೇ? ಅಪಾಯ ಹೆಚ್ಚಿರುವ, ಆದರೆ ಕೊಲ್ಲಬೇಕಿಲ್ಲದ ಕೆಲಸ ಹುಡುಕೋಣ ಎಂದು ನಿರ್ಧರಿಸಿದರು. ಇಂಗ್ಲೆಂಡಿಗೆ ದಾಟಿದ ನೂರ್ ಅದೇ ವರ್ಷ ನವೆಂಬರಿನಲ್ಲಿ ವಾಯುಪಡೆಯ ಮಹಿಳಾ ವಿಭಾಗಕ್ಕೆ ಸೇರಿ ವೈರ್‌ಲೆಸ್ ಕಲಿತಳು. ಫ್ರೆಂಚ್ ಮಾತೃಭಾಷೆಯಂತೆ ಬರುವ ವೈರ್‌ಲೆಸ್ ಆಪರೇಟರ್ ಎಂದರೆ, ಶತ್ರುವಿನ ಬೆನ್ನ ಹಿಂದೆ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಎಸ್‌ಒಇ ಸಂಸ್ಥೆಗೆ ಚಿನ್ನ. ಅವರು ಅವಳನ್ನು ಕರೆದುಕೊಂಡರು.

1943ರ ಜೂನ್ 16ರ ರಾತ್ರಿ ಒಂದು ಪುಟ್ಟ ಲೈಸ್ಯಾಂಡರ್ ವಿಮಾನ ಅವಳನ್ನು ಫ್ರಾನ್ಸಿನಲ್ಲಿ ಇಳಿಸಿತು. ಶತ್ರುವಶದಲ್ಲಿದ್ದ ಫ್ರಾನ್ಸಿಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳು. ಗುಪ್ತನಾಮ ಮಡ್ಲೇನ್. ವಿಮಾನ ಹತ್ತಿಸಲು ಬಂದಿದ್ದ ಅಧಿಕಾರಿ ವೆರಾ ಆಟ್ಕಿನ್ಸ್ ಅವರ ಕೋಟಿನ ಮೇಲಿದ್ದ ಹಕ್ಕಿಯಾಕಾರದ ಬೆಳ್ಳಿ ಪಿನ್ನನ್ನು ಕಂಡು ನೂರ್ ಚೆನ್ನಾಗಿದೆ ಎಂದಳಂತೆ. ವೆರಾ ಅದನ್ನು ತೆಗೆದು ಇವಳಿಗೆ ಚುಚ್ಚಿದರು. ಈ ವೆರಾ ಮತ್ತೆ ಬರುತ್ತಾರೆ.

ನೂರ್ ಪ್ಯಾರಿಸ್ ತಲುಪಿ ಹತ್ತು ದಿನ ಕಳೆಯುವುದರೊಳಗೆ ಅವಳ ಜಾಲದ ನಾಯಕ ಫ್ರಾನ್ಸಿಸ್ ಸಟಿಲ್ ಸಿಕ್ಕಿಬಿದ್ದ. ಹಿಂದೆಯೇ ಒಬ್ಬರ ಮೇಲೊಬ್ಬರು. ವಾಪಸು ಬಾ ಎಂದಿತು ಲಂಡನ್. ಪ್ಯಾರಿಸ್ಸಿನಲ್ಲಿ ತನ್ನನ್ನು ಬಿಟ್ಟರೆ ಲಂಡನ್ನಿಗೆ ಸುದ್ದಿ ಕಳಿಸುವವರಿಲ್ಲ, ಬೇರೊಬ್ಬರು ಬರುವವರೆಗೆ ಬರುವುದಿಲ್ಲ ಎಂದಳು ಅವಳು. ವೈರ್‌ಲೆಸ್ ಆಪರೇಟರ್ ಆರು ವಾರ ಉಳಿದರೆ ಹೆಚ್ಚು ಎಂಬ ಲೆಕ್ಕವಿದ್ದ ಕಾಲ. ಪೆಟ್ಟಿಗೆಯಲ್ಲಿ ತುಂಬಿದ ಭಾರದ ಸೆಟ್ಟನ್ನು ಹೊತ್ತು, ಇಪ್ಪತ್ತು ನಿಮಿಷಕ್ಕಿಂತ ಒಂದೆಡೆ ನಿಂತರೆ ಜರ್ಮನರ ಪತ್ತೆ ವ್ಯಾನು ಬಂದೀತೆಂಬ ಭಯದಲ್ಲಿ, ಮನೆಯಿಂದ ಮನೆಗೆ ಓಡಾಡುತ್ತ ಅವಳು ಉಳಿದದ್ದು ಮೂರೂವರೆ ತಿಂಗಳಿಗೂ ಹೆಚ್ಚು. ಅಕ್ಟೋಬರಿನಲ್ಲಿ ಹಣಕ್ಕಾಗಿ ಯಾರೋ ಹಿಡಿದುಕೊಟ್ಟರು.

ಒಂದು ಮಾತನ್ನು ಮುಚ್ಚಿಡುವುದು ಅವಳಿಗೆ ಗೌರವವಲ್ಲ. ತಾನು ಕಳಿಸಿದ ಸಂದೇಶಗಳನ್ನೆಲ್ಲ ನೂರ್ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ಬಂದ ಆದೇಶವನ್ನು ಅವಳು ಅರ್ಥಮಾಡಿಕೊಂಡದ್ದು ಹಾಗೆ. ಆ ಪುಸ್ತಕವೂ ಸೆಟ್ಟೂ ಜರ್ಮನರ ಕೈಸೇರಿದವು. ಪ್ಯಾರಿಸ್ಸಿನ 84, ಅವೆನ್ಯೂ ಫೋಷ್‌ನ ಗುಪ್ತಪೊಲೀಸರು ಮಡ್ಲೇನ್ ಹೆಸರಿನಲ್ಲಿ ತಾವೇ ಲಂಡನ್ನಿಗೆ ಸಂದೇಶ ಕಳಿಸತೊಡಗಿದರು. ಲಂಡನ್ ನಂಬಿತು. ಹಣ ಕಳಿಸಿತು, ಜನರನ್ನು ಕಳಿಸಿತು. ಪ್ಯಾರಾಚೂಟಿನಲ್ಲಿ ಇಳಿದವರನ್ನು ಕೆಳಗೆ ಕಾಯುತ್ತಿದ್ದ ಜರ್ಮನರು ಹಿಡಿದುಕೊಂಡರು. ಹಾಗೆ 1944ರ ಫೆಬ್ರವರಿ ಕೊನೆಯಲ್ಲಿ ಇಳಿದು ಸಿಕ್ಕವರಲ್ಲಿ ಒಬ್ಬಳ ನಿಜವಾದ ಹೆಸರು ಮಡ್ಲೇನ್ ದಾಮರ್ಮಾ.

ಎಚ್ಚರಿಸುವವರು ಇರಲಿಲ್ಲವೇ? ಇದ್ದರು. 1943ರ ಅಕ್ಟೋಬರಿನಲ್ಲಿಯೇ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮೂಲಕ ಲಂಡನ್ನಿಗೆ ಒಂದು ಸಂದೇಶ ಬಂದಿತ್ತು. ಮಡ್ಲೇನ್‌ಗೆ ಅಪಘಾತವಾಗಿದೆ, ಆಸ್ಪತ್ರೆಯಲ್ಲಿದ್ದಾಳೆ ಎಂದು. ಗುಪ್ತಚರರ ಮಾತಿನಲ್ಲಿ ಇದರ ಅರ್ಥ ಸೆರೆಸಿಕ್ಕಿದ್ದಾಳೆ ಎಂದು. ಸುದ್ದಿಯ ಮೂಲ ಸೋನ್ಯಾ ಎಂಬುವಳು. ಲಂಡನ್ನಿನ ಕಚೇರಿಯಲ್ಲಿ ಸೋನ್ಯಾ ಎಂಬ ಹೆಸರಿನ ಕಡತವಿರಲಿಲ್ಲ. ಎಸ್‌ಒಇಯ ಫ್ರಾನ್ಸ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಆ ಸಂದೇಶವನ್ನು ಪಕ್ಕಕ್ಕಿಟ್ಟರು. ಕಡತವಿಲ್ಲದವಳ ಮಾತಿಗೆ ಬೆಲೆಯಿರಲಿಲ್ಲ. ಓದುಗರು ಸೋನ್ಯಾ ಎಂಬ ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಯುದ್ಧ ಮುಗಿದಾಗ ಆ ವಿಭಾಗದಿಂದ ಫ್ರಾನ್ಸಿಗೆ ಹೋದವರಲ್ಲಿ 118 ಮಂದಿಯ ಸುಳಿವಿರಲಿಲ್ಲ. ಎಸ್‌ಒಇ ಸಂಸ್ಥೆಯನ್ನೇ 1946ರ ಜನವರಿಯಲ್ಲಿ ಮುಚ್ಚಿಬಿಟ್ಟರು. ಕಚೇರಿ ಇಲ್ಲ, ಕೇಳುವವರಿಲ್ಲ. ಹುಡುಕುತ್ತೇನೆಂದು ಪಟ್ಟು ಹಿಡಿದವರು ವೆರಾ ಆಟ್ಕಿನ್ಸ್ ಒಬ್ಬರೇ. ರೊಮೇನಿಯಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ಬ್ರಿಟಿಷ್ ಪೌರತ್ವ ಸಿಕ್ಕಿದ್ದೇ 1944ರಲ್ಲಿ. ಈ ಹುಡುಗಿಯರನ್ನು ವಿಮಾನ ಹತ್ತಿಸಿ ಕೈಬೀಸಿದವರು ಅವರೇ. ಸುಳ್ಳು ಸಂದೇಶಗಳನ್ನು ನಂಬಿದ ಕಚೇರಿಯಲ್ಲಿ ಕುಳಿತಿದ್ದವರೂ ಅವರೇ. ಅವರ ಹಟದಲ್ಲಿ ಪಶ್ಚಾತ್ತಾಪದ ಪಾಲು ಎಷ್ಟಿತ್ತೋ, ಅದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಜರ್ಮನಿಯ ಸೆರೆಮನೆಗಳನ್ನು ಒಂದೊಂದಾಗಿ ಸುತ್ತಿದರು, ಕಾವಲುಗಾರರನ್ನು ಕೂರಿಸಿ ಕೇಳಿದರು, ಕೈದಿಗಳ ದಾಖಲೆ ಪುಸ್ತಕ ತಿರುವಿದರು. ಕೊನೆಗೆ 118ರಲ್ಲಿ 117 ಮಂದಿಗೆ ಏನಾಯಿತೆಂದು ಪತ್ತೆಹಚ್ಚಿದರು.

ಹೆಂಗಸರ ಜಾಡು ಕಾರ್ಲ್ಸ್‌ರೂಹೆ ಊರಿನ ಸೆರೆಮನೆಗೆ ಕರೆದೊಯ್ದಿತು. ಅಲ್ಲಿಂದ 1944ರ ಜುಲೈ 6ರಂದು ನಾಲ್ವರನ್ನು ನಾಟ್ಸ್‌ವೈಲರ್ ಶಿಬಿರಕ್ಕೆ ಒಯ್ದಿದ್ದರು. ಅದೇ ರಾತ್ರಿ ಫೀನಾಲ್ ಚುಚ್ಚಿ ಕೊಂದು ದೇಹಗಳನ್ನು ಒಲೆಗೆ ಹಾಕಿದ್ದರು. ಶಿಬಿರದಲ್ಲಿ ಕೈದಿಯಾಗಿದ್ದ ಎಸ್‌ಒಇಯ ಬ್ರಯಾನ್ ಸ್ಟೋನ್‌ಹೌಸ್ ಚಿತ್ರಕಾರ. ನಡೆದುಬಂದ ನಾಲ್ವರ ರೂಪವೂ ಉಡುಪೂ ಅವರ ಕಣ್ಣಲ್ಲಿ ಉಳಿದಿದ್ದವು. ಆಂದ್ರೆ ಬೊರೆಲ್, ವೆರಾ ಲೀ, ಡಯಾನಾ ರೌಡೆನ್ ಎಂಬ ಮೂವರ ಗುರುತು ಹತ್ತಿತು. ನಾಲ್ಕನೆಯವಳು ಕುಳ್ಳಗಿದ್ದಳು, ಕಪ್ಪು ಕೂದಲಿನವಳು. ಕಾಣೆಯಾದವರ ಪಟ್ಟಿಯಲ್ಲಿ ಆ ರೂಪಕ್ಕೆ ಹೊಂದುವ ಹೆಸರು ನೂರ್ ಒಂದೇ. ವೆರಾ ಆಟ್ಕಿನ್ಸ್ ಹಾಗೆಂದೇ ತೀರ್ಮಾನಿಸಿದರು, ಮನೆಯವರಿಗೂ ತಿಳಿಸಿದರು. 1946ರ ಮೇ ಕೊನೆಯಲ್ಲಿ ನಾಟ್ಸ್‌ವೈಲರ್ ವಿಚಾರಣೆ ನಡೆದಾಗಲೂ ನಾಲ್ಕನೆಯವಳು ನೂರ್ ಎಂದೇ ನಂಬಿದ್ದರು.

ತಪ್ಪು ಎಲ್ಲಿತ್ತೆಂದು ಈಗ ಹೇಳುವುದು ಸುಲಭ. ಪಟ್ಟಿಯಲ್ಲಿದ್ದವರನ್ನು ಮಾತ್ರ ಅವರು ಹುಡುಕುತ್ತಿದ್ದರು. ಪಟ್ಟಿಯಲ್ಲೇ ಇಲ್ಲದ ಹೆಂಗಸೊಬ್ಬಳು ಇರಬಹುದೆಂದು ಯಾರ ತಲೆಗೂ ಹೊಳೆಯಲಿಲ್ಲ.

ಆ ವಿಚಾರಣೆ ಮುಗಿದ ಮೇಲೆ ಫೋರ್ಟ್ಸ್‌ಹೈಮಿನ ಬಟ್ಟಲು ಮಾತಾಡಿತು. ಅಲ್ಲಿದ್ದ ಫ್ರೆಂಚ್ ಕೈದಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಜರ್ಮನರು 1944ರ ನವೆಂಬರ್ 30ರಂದು ಕಾಡಿಗೆ ಒಯ್ದು ಗುಂಡಿಟ್ಟು ಕೊಂದಿದ್ದರು. ಬಟ್ಟಲಿನಲ್ಲಿ ಬರೆದ ಮೂವರಲ್ಲಿ ಬದುಕಿ ಬಂದವಳು ಯೋಲಾಂದ್ ಲಾಗ್ರಾವ್. ಅವಳು ಒಂದನೆಯ ಕೋಣೆಯ ಗೆಳತಿಯನ್ನು ಮರೆಯಲಿಲ್ಲ. ಸರಪಳಿ ಬಿಗಿದಿದ್ದ ಇಂಗ್ಲಿಷ್ ಹೆಂಗಸು, ಹೆಸರು ನೋರಾ ಬೇಕರ್, ವಿಳಾಸ ಇಂತಿಂಥದು, ಸೆಪ್ಟೆಂಬರಿನಲ್ಲಿ ಒಯ್ದರು ಎಂದು ತಿಳಿಸಿದಳು. ಟ್ಯಾವಿಟನ್ ಸ್ಟ್ರೀಟಿನದು ನೂರ್‌ಳ ತಾಯಿಯ ಮನೆ. ಬೇಕರ್ ಎಂಬುದು ತಾಯಿಯ ತವರಿನ ಹೆಸರು. ಊಹಿಸಿ ಹೇಳಬಹುದಾದ ಮಾತು ಇದಲ್ಲ. ಜುಲೈನಲ್ಲಿ ನಾಟ್ಸ್‌ವೈಲರಿನಲ್ಲಿ ಸತ್ತವಳು ಸೆಪ್ಟೆಂಬರಿನಲ್ಲಿ ಫೋರ್ಟ್ಸ್‌ಹೈಮಿನ ಬಟ್ಟಲಿನಲ್ಲಿ ಬರೆಯುವುದು ಹೇಗೆ?

ವೆರಾ ತಮ್ಮ ತೀರ್ಮಾನವನ್ನು ತಾವೇ ಮುರಿದು ಮತ್ತೆ ಹೊರಟರು. ಇದು ಅವರ ದೊಡ್ಡತನ ಎನ್ನುತ್ತೇನೆ. ಕಡತ ಮುಚ್ಚಿತ್ತು, ಮನೆಯವರು ಅತ್ತು ಮುಗಿಸಿದ್ದರು, ಇನ್ನೊಮ್ಮೆ ಕೆದಕೆಂದು ಒತ್ತಾಯಿಸುವವರು ಯಾರೂ ಇರಲಿಲ್ಲ. ಫೋರ್ಟ್ಸ್‌ಹೈಮ್ ಸೆರೆಮನೆಯ ಮುದಿ ಮುಖ್ಯಾಧಿಕಾರಿಯನ್ನು ಕೇಳಿದಾಗ ಆತ ಒಪ್ಪಿಕೊಂಡ: 1943ರ ನವೆಂಬರ್ ಕೊನೆಯಲ್ಲಿ ಅವಳನ್ನು ತಂದರು, ಕೈಕಾಲಿಗೆ ಸರಪಳಿ ಹಾಕಿಡಲು ಮೇಲಿನಿಂದ ಆದೇಶವಿತ್ತು, ಒಂಟಿಯಾಗಿಡಬೇಕೆಂದಿತ್ತು. ಸುಮಾರು ಹತ್ತು ತಿಂಗಳು ಹಾಗಿದ್ದಳು.

ಸರಪಳಿ ಏಕೆ? ಅದಕ್ಕೆ ಉತ್ತರ ಸಿಕ್ಕಿದ್ದು 1947ರ ಆರಂಭದಲ್ಲಿ, ಅವೆನ್ಯೂ ಫೋಷ್‌ನ ಗುಪ್ತಪೊಲೀಸ್ ಮುಖ್ಯಸ್ಥ ಹಾನ್ಸ್ ಕೀಫರ್ ಸಿಕ್ಕಿಬಿದ್ದ ಮೇಲೆ. ವೆರಾ ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು. ಅವನು ಹೇಳಿದ್ದು ಇದು: ಹಿಡಿದು ತಂದ ದಿನವೇ ನೂರ್ ಸ್ನಾನ ಮಾಡಬೇಕೆಂದು ಹೇಳಿ ಕಿಟಕಿಯಿಂದ ಮಾಡಿಗೆ ದಾಟಿದ್ದಳು. ನವೆಂಬರಿನಲ್ಲಿ ಇನ್ನಿಬ್ಬರು ಕೈದಿಗಳ ಜೊತೆ ಮತ್ತೆ ಮಾಡು ಹತ್ತಿದಳು. ಅದೇ ಹೊತ್ತಿಗೆ ವೈಮಾನಿಕ ದಾಳಿಯ ಸೈರನ್ ಕೂಗಿ, ಕಾವಲುಗಾರರು ಕೋಣೆಗಳನ್ನು ನೋಡಲು ಬಂದು ಗುಟ್ಟು ರಟ್ಟಾಯಿತು. ಇನ್ನು ಓಡುವುದಿಲ್ಲ ಎಂದು ಬರೆದುಕೊಡು, ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದ ಕೀಫರ್. ಅವಳು ಬರೆದುಕೊಡಲಿಲ್ಲ. ಸುಳ್ಳಾಡದಂತೆ ತಂದೆ ಬೆಳೆಸಿದ್ದ ಮಗಳು. ಓಡುವುದಿಲ್ಲ ಎಂದು ಸಹಿ ಹಾಕಿ ಆಮೇಲೆ ಓಡುವ ದಾರಿ ಅವಳಿಗೆ ತೋಚಲಿಲ್ಲವೇನೋ ಎಂದು ನನಗೆ ಅನಿಸುತ್ತದೆ. ಮುಖ್ಯವಾದ ಮಾತೆಂದರೆ, ಅವಳ ಬಾಯಿಂದ ತಮಗೆ ಏನೂ ಸಿಗಲಿಲ್ಲ ಎಂದು ಅವಳನ್ನು ವಿಚಾರಿಸಿದವನೇ ಹೇಳಿದ. ಅವಳ ಕತೆ ಹೇಳುತ್ತ ಕೀಫರ್ ಅತ್ತನಂತೆ. ವೆರಾ ಅದನ್ನು ಸಹಿಸಲಿಲ್ಲ. ಅಳಬೇಕಾದವರು ನೀನಲ್ಲ ಎಂಬರ್ಥದ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿದರು.

ಇನ್ನು ಉಳಿದದ್ದು ಕೊನೆಯ ಪ್ರಯಾಣ. ಕಾರ್ಲ್ಸ್‌ರೂಹೆಯಿಂದ ಸೆಪ್ಟೆಂಬರಿನಲ್ಲಿ ಮೂವರು ಹೆಂಗಸರನ್ನು ಡಾಖಾವ್ ಶಿಬಿರಕ್ಕೆ ಒಯ್ದಿದ್ದು ಮೊದಲೇ ಗೊತ್ತಿತ್ತು: ಯೋಲಾಂದ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮತ್ತು ಮಡ್ಲೇನ್ ದಾಮರ್ಮಾ. ಅವರ ಜೊತೆ ಗುರುತು ಸಿಗದ ಇನ್ನೊಬ್ಬಳಿದ್ದಳು. ಕಾವಲಿಗೆ ಹೋಗಿದ್ದ ಕ್ರಿಶ್ಚಿಯನ್ ಓಟ್ ಎಂಬ ಪೊಲೀಸ್ ಹೇಳಿದಂತೆ, ರೈಲಿನಲ್ಲಿ ನಾಲ್ವರಿಗೂ ಕಿಟಕಿ ಪಕ್ಕ ಜಾಗ ಸಿಕ್ಕಿತು. ತಿಂಗಳುಗಟ್ಟಲೆ ಮಾತಿಲ್ಲದೆ ಇದ್ದವರು ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಹೋದರು, ಸಿಗರೇಟು ಹಂಚಿಕೊಂಡರು. ರಾತ್ರಿ ಶಿಬಿರ ತಲುಪಿದರು. 1944ರ ಸೆಪ್ಟೆಂಬರ್ 13ರ ಬೆಳಿಗ್ಗೆ ನಾಲ್ವರನ್ನೂ ಗುಂಡಿಟ್ಟು ಕೊಂದರು. ನೂರ್‌ಳ ಕೊನೆಯ ರಾತ್ರಿಯ ಬಗ್ಗೆ ಇದಕ್ಕಿಂತ ಕ್ರೂರವಾದ ಹೇಳಿಕೆಗಳೂ ಆಮೇಲೆ ಬಂದವು. ಅವನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ನೂರ್‌ಳಿಂದ ಕಿತ್ತುಕೊಂಡ ಸೆಟ್ಟಿನ ಸುಳ್ಳು ಸಂದೇಶ ನಂಬಿ ಬಂದು ಸಿಕ್ಕವಳು ದಾಮರ್ಮಾ. ಇಬ್ಬರೂ ಒಂದೇ ರೈಲಿನಲ್ಲಿ ಮಾತಾಡಿಕೊಂಡು ಹೋದರೆಂಬುದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನೂರ್‌ಗೆ ಮೊದಲು ಶಿಫಾರಸಾಗಿದ್ದದ್ದು ಜಾರ್ಜ್ ಮೆಡಲ್, ಜಾರ್ಜ್ ಕ್ರಾಸಿಗಿಂತ ಒಂದು ಮೆಟ್ಟಿಲು ಕೆಳಗಿನದು. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದ್ದು, ಮೌನ, ಸರಪಳಿ, ಡಾಖಾವ್ ಎಲ್ಲ ಒಂದೊಂದಾಗಿ ಹೊರಬಂದ ಮೇಲೆ ಅದು ಜಾರ್ಜ್ ಕ್ರಾಸ್ ಆಯಿತು. ಅದಕ್ಕೂ ಮೊದಲೇ, 1946ರಲ್ಲಿ, ಫ್ರಾನ್ಸ್ ತನ್ನ ಕ್ರ್ವಾ ದ ಗೆರ್ ಪದಕ ಕೊಟ್ಟಿತ್ತು. ಎಸ್‌ಒಇಯ ಫ್ರಾನ್ಸ್ ವಿಭಾಗದಿಂದ ಹೋದ 39 ಹೆಂಗಸರಲ್ಲಿ ಜಾರ್ಜ್ ಕ್ರಾಸ್ ಪಡೆದವರು ಮೂವರೇ. ಒಡೆಟ್ ಸ್ಯಾನ್ಸಮ್ ಬದುಕಿ ಬಂದು ಪಡೆದರು. ವಯಲೆಟ್ ಜಾಬೊ ಮತ್ತು ನೂರ್ ಮರಣಾನಂತರ. ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ, ಟ್ಯಾವಿಟನ್ ಸ್ಟ್ರೀಟಿನಿಂದ ಕೂಗಳತೆಯ ದೂರದಲ್ಲಿ, 2012ರಿಂದ ನೂರ್‌ಳ ಪ್ರತಿಮೆ ಇದೆ. ಬಟ್ಟಲಿನಲ್ಲಿ ಗೀರಿದ್ದ ಆ ನಾಲ್ಕನೆಯ ನಂಬರಿನ ಮನೆಗೆ 2020ರಲ್ಲಿ ನೀಲಿ ಸ್ಮಾರಕ ಫಲಕ ಹಾಕಿದರು.

ಹಾಗಾದರೆ ನಾಟ್ಸ್‌ವೈಲರಿನ ನಾಲ್ಕನೆಯವಳು ಯಾರು?

ನೂರ್ ಅಲ್ಲ ಎಂದು ಗೊತ್ತಾದ ಮೇಲೆ ಆ ಜಾಗ ಖಾಲಿಯಾಯಿತು. ಖಾಲಿಯಾಗಿಯೇ ಉಳಿಯಿತು. ಲೇಖಕಿ ಎಲಿಜಬೆತ್ ನಿಕೊಲಸ್ ಡಯಾನಾ ರೌಡೆನ್ ಜೊತೆ ಶಾಲೆಯಲ್ಲಿ ಓದಿದವರು. ಗೆಳತಿಯ ಸಾವಿನ ಸತ್ಯ ಹುಡುಕುತ್ತ ಹೋಗಿ, ಕೊಲೆ ನಡೆದ ಹದಿನಾಲ್ಕು ವರ್ಷಗಳ ಮೇಲೆ, 1958ರಲ್ಲಿ ತಮ್ಮ ಪುಸ್ತಕದಲ್ಲಿ ಆ ಹೆಸರನ್ನು ಲೋಕಕ್ಕೆ ಹೇಳಿದರು. ಅವಳು ಸೋನ್ಯಾ ಓಲ್ಶಾನೆಜ್ಕಿ. ಬರ್ನ್ ಮೂಲಕ ಲಂಡನ್ನಿಗೆ ಬಂದ, ಯಾರೂ ನಂಬದ ಆ ಎಚ್ಚರಿಕೆ ಇವಳದೇ. ಮಡ್ಲೇನ್ ಸೆರೆಸಿಕ್ಕಿದ್ದಾಳೆ ಎಂದು ಲಂಡನ್ನಿಗೆ ಹೇಳಿದವಳನ್ನು, ಅವಳು ಸತ್ತ ಮೇಲೆ, ಲಂಡನ್ ಮಡ್ಲೇನ್ ಎಂದೇ ಭಾವಿಸಿತ್ತು.

ಸೋನ್ಯಾ ಜರ್ಮನಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದ ಯಹೂದಿ ಹುಡುಗಿ, ನರ್ತಕಿ. 1942ರಲ್ಲಿ ಯಹೂದಿಗಳನ್ನು ಕೂಡಿಹಾಕುತ್ತಿದ್ದ ಡ್ರಾನ್ಸಿ ಶಿಬಿರಕ್ಕೆ ಅವಳನ್ನೂ ಒಯ್ದಿದ್ದರು. ತಾಯಿ ಹಣ ಹೊಂದಿಸಿ, ಸುಳ್ಳು ಕಾಗದ ಮಾಡಿಸಿ ಬಿಡಿಸಿ ತಂದರು. ಹೊರಬಂದವಳು ಅಡಗಿಕೊಳ್ಳಲಿಲ್ಲ. ಒಂದು ಪ್ರತಿರೋಧ ಜಾಲಕ್ಕೆ ಸಂದೇಶ ಒಯ್ಯುವ ಕೆಲಸಕ್ಕೆ ನಿಂತಳು. ಅವಳನ್ನು ಅಲ್ಲೇ ಸೇರಿಸಿಕೊಂಡಿದ್ದರಿಂದ ಲಂಡನ್ನಿನಲ್ಲಿ ಅವಳಿಗೆ ವಿಮಾನ ಹತ್ತಿಸಿದವರಿರಲಿಲ್ಲ, ಪಿನ್ನು ಚುಚ್ಚಿದವರಿರಲಿಲ್ಲ, ಕಡತವಿರಲಿಲ್ಲ. ಜಾಲ ಮುರಿದ ಮೇಲೂ ಕೆಲಸ ಬಿಡದೆ 1944ರ ಜನವರಿಯಲ್ಲಿ ಸಿಕ್ಕಿಬಿದ್ದಳು.

ನೂರ್ ಇನಾಯತ್ ಖಾನ್ ಹೆಸರನ್ನು ನಮ್ಮ ಮಕ್ಕಳಿಗೆ ಹೇಳುವವರು ಸೋನ್ಯಾಳ ಹೆಸರನ್ನೂ ಜೊತೆಗೆ ಹೇಳಿ. ನಾಟ್ಸ್‌ವೈಲರಿನಲ್ಲಿ ಆ ರಾತ್ರಿ ಅವಳಿಗೆ ಇಪ್ಪತ್ತು ವರ್ಷ.